ಮನೇಲಿ ಮಾಡೋ ಸೋಪಲ್ಲಿ ಹಸಿರು ಬಣ್ಣ ನಿಲ್ತಾನೇ ಇಲ್ಲ, ಏನ್ ಮಾಡೋದು?

ಬಾಲ್ಕನಿ_ತೋಟ

ಎಲ್ರಿಗೂ ನಮಸ್ಕಾರ. ನಾನು ಬನಶಂಕರಿ ಕಡೆ ಇರೋದು, ಮನೇಲೇ ಕೋಲ್ಡ್ ಪ್ರೋಸೆಸ್ (ಒಲೆ ಮೇಲೆ ಬೇಯಿಸದೆ ಮಾಡೋದು) ಸೋಪ್ ಮಾಡ್ತೀನಿ, ಕೊಬ್ಬರಿ ಎಣ್ಣೆ, ತೌಡಿನ ಎಣ್ಣೆ, ಸ್ವಲ್ಪ ಹರಳೆಣ್ಣೆ, ಕಾಸ್ಟಿಕ್ ಸೋಡಾ, ಡಿಸ್ಟಿಲ್ಡ್ ವಾಟರ್, ಇಷ್ಟೇ. ಸೋಪ್ ಚೆನ್ನಾಗೇ ಬರುತ್ತೆ, ಗಟ್ಟಿ ಇದೆ, ನೊರೆನೂ ಚೆನ್ನಾಗಿದೆ, ತೊಂದ್ರೆ ಇರೋದು ಬಣ್ಣದ್ದು. ಫೆಬ್ರವರೀಲಿ ತಂಗಿ ಮನೆ ಗೃಹಪ್ರವೇಶ ಇದೆ, ತಾಂಬೂಲದ ಬ್ಯಾಗಲ್ಲಿ ಬ್ಲೌಸ್ ಪೀಸ್ ಬದಲು ನಾವೇ ಮಾಡಿದ ಸೋಪ್ ಇಡೋಣ ಅಂತ ಅವಳ ಆಸೆ, ಹಸಿರು ಬಣ್ಣದ್ದೇ ಬೇಕಂತೆ, ಆದ್ರೆ ಅಂಗಡಿ ಕಲರ್ ಹಾಕ್ಬಾರ್ದಂತೆ.

ಮೊದಲು ದೊಡ್ಡಪತ್ರೆ ಎಲೆ ರುಬ್ಬಿ ಹಾಕಿದೆ, ಆಮೇಲೆ ಪಾಲಕ್, ಆಮೇಲೆ ನುಗ್ಗೆಸೊಪ್ಪಿನ ಪುಡಿ, ಕೊನೆಗೆ ಸ್ಪಿರುಲಿನಾ (ಒಂಥರಾ ಪಾಚಿ) ಪೌಡರ್ ತರಿಸಿ ಹಾಕಿದೆ. ಮೋಲ್ಡಿಗೆ ಸುರಿಯೋವಾಗ ಎಲ್ಲಾನೂ ಎಷ್ಟ್ ಚೆನ್ನಾಗಿರುತ್ತೆ ಅಂದ್ರೆ ಫೋಟೋ ತೆಗೆದು ಎಲ್ರಿಗೂ ಕಳ್ಸೋಣ ಅನ್ಸುತ್ತೆ, ಕ್ಯೂರ್ ಆಗಿ, ಅಂದ್ರೆ ವಾರಗಟ್ಟಲೆ ಇಟ್ಟು ಒಣಗಿ ಮುಗಿಯೋಷ್ಟರಲ್ಲಿ ಒಣಗಿದ ಹುಲ್ಲಿನ ಬಣ್ಣ. ಕಾಸ್ಟಿಕ್ ಸೋಡಾನೇ ಎಲೆ ಹಸಿರನ್ನ ಸುಡ್ತಿದೆ ಅಂತ ನನ್ನ ಅನುಮಾನ. ನಿಜವಾಗ್ಲೂ ನಿಲ್ಲೋ ಹಸಿರು ಅನ್ನೋದು ಇದೆಯಾ, ಇದ್ರೆ ಯಾವುದ್ರಿಂದ ಬರುತ್ತೆ? ಸ್ವಲ್ಪ ವಿವರವಾಗಿ ಹೇಳಿ ಪ್ಲೀಸ್.

ಗಾಣದ_ಸೋಪು

ಮೇಡಂ, ಮೊದಲು ಒಂದು ಕೆಲಸ ಮಾಡಿ. ನಾಲ್ಕು ಥರದ ಸೋಪಲ್ಲೂ ಒಂದೊಂದನ್ನ ಮಧ್ಯಕ್ಕೆ ಕಟ್ ಮಾಡಿ ಒಳಗೆ ಯಾವ ಬಣ್ಣ ಇದೆ ನೋಡಿ. ಒಳಗೂ ಕಂದು ಆಗಿದ್ಯಾ, ಇಲ್ಲಾ ಮೇಲ್ಗಡೆ ಮಾತ್ರಾನಾ? ಮತ್ತೆ ಕ್ಯೂರಿಂಗ್ ಎಲ್ಲಿ ಇಟ್ಟಿದ್ರಿ? ಇದು ಗೊತ್ತಾಗದೇ ಏನು ಹೇಳಿದ್ರೂ ಅಂದಾಜಿನ ಮಾತಾಗುತ್ತೆ.

ಬಾಲ್ಕನಿ_ತೋಟ

ಈಗಷ್ಟೇ ಕಟ್ ಮಾಡಿ ನೋಡಿದೆ ಸರ್. ಸ್ಪಿರುಲಿನಾದ್ದು ಒಳಗೆ ಇನ್ನೂ ಕಡು ಹಸಿರು ಇದೆ! ಮೇಲೆ ತೆಳ್ಳಗೆ ಒಂದು ಪದರ ಮಾತ್ರ ಹುಲ್ಲಿನ ಬಣ್ಣ. ಪಾಲಕ್ ಕೂಡ ಒಳಗೆ ಪರವಾಗಿಲ್ಲ, ಮಾಸಲು ಹಸಿರು. ಆದ್ರೆ ದೊಡ್ಡಪತ್ರೆದು ಒಳಗೂ ಹೊರಗೂ ಒಂದೇ, ಪೂರ್ತಿ ಕಂದು, ಅದು ಮಾರನೇ ದಿನವೇ ಹಾಗಾಗಿತ್ತು ಅನ್ಸುತ್ತೆ. ನುಗ್ಗೆದು ಖಾಕಿ ಥರ. ಕ್ಯೂರಿಂಗ್ ಹಾಲಲ್ಲಿ ಕಿಟಕಿ ಪಕ್ಕದ ರ‍್ಯಾಕಲ್ಲಿ ಇಟ್ಟಿದ್ದೆ, ಗಾಳಿ ಚೆನ್ನಾಗಿ ಆಡ್ಲಿ ಅಂತ.

ಕೆಮಿಸ್ಟ್ರಿ_ಮೇಷ್ಟ್ರು

ನೀವು ಕಟ್ ಮಾಡಿ ನೋಡಿದ್ದರಿಂದಲೇ ಅರ್ಧ ಉತ್ತರ ಸಿಕ್ತಮ್ಮ. ಇಲ್ಲಿ ಒಂದಲ್ಲ, ಎರಡು ಬೇರೆ ಬೇರೆ ತೊಂದರೆಗಳಿವೆ, ಎರಡಕ್ಕೂ ಕಾರಣ ಬೇರೆ, ಹಾಗಾಗಿ ಪರಿಹಾರಾನೂ ಬೇರೆ.

ಮೊದಲು ಕಾಸ್ಟಿಕ್ ಸೋಡಾ ಮೇಲಿನ ಅನುಮಾನ ಬಿಟ್ಬಿಡಿ. ಎಲೆ ಹಸಿರು ಅಂದ್ರೆ ಕ್ಲೋರೋಫಿಲ್, ಅದರ ನಡುವೆ ಒಂದು ಮೆಗ್ನೀಶಿಯಂ ಪರಮಾಣು ಕೂತಿರುತ್ತೆ. ಹುಳಿ ಮತ್ತೆ ಬಿಸಿ ಸೇರಿದ್ರೆ ಆ ಮೆಗ್ನೀಶಿಯಂ ಕಳಚಿ ಹೋಗುತ್ತೆ, ಆಗ ಬಣ್ಣ ಆಲಿವ್ ಕಂದು. ಸೊಪ್ಪಿಗೆ ಹುಣಸೆಹುಳಿ ಹಾಕಿ ಕುದಿಸಿದ್ರೆ ಬಣ್ಣ ಕೆಡೋದೂ, ಚಿಟಿಕೆ ಅಡುಗೆ ಸೋಡಾ ಹಾಕಿ ಬೇಯಿಸಿದ್ರೆ ಹಚ್ಚಗೆ ಉಳಿಯೋದೂ ಇದೇ ಕಾರಣಕ್ಕೆ. ಅಂದ್ರೆ ಕ್ಷಾರ ಕ್ಲೋರೋಫಿಲ್‌ಗೆ ಶತ್ರು ಅಲ್ಲ, ಒಂದು ರೀತೀಲಿ ಕಾಯುತ್ತೆ. ಕಾಸ್ಟಿಕ್ ಸೋಡಾ ಅದರ ಎಣ್ಣೆಗೆ ಸೇರೋ ಬಾಲವನ್ನ ಕತ್ತರಿಸಿ ಕ್ಲೋರೋಫಿಲಿನ್ ಅನ್ನೋ ನೀರಲ್ಲಿ ಕರಗೋ ರೂಪಕ್ಕೆ ತರುತ್ತೆ, ಅದೂ ಹಸಿರೇ. ಸೋಪಿನ ಪಿಎಚ್ 9ರಿಂದ 10ರ ಹತ್ತಿರ, ಅಂದ್ರೆ ಕ್ಷಾರದ ಕಡೆ ಇರೋದ್ರಿಂದ ಆ ಹಸಿರು ಒಳಗೆ ಸುಮಾರು ದಿನ ಇರುತ್ತೆ.

ಸ್ಪಿರುಲಿನಾ ಸೋಪಿನ ಮೇಲ್ಪದರ ಹಾಳು ಮಾಡಿದ್ದು ಬೆಳಕು ಮತ್ತೆ ಗಾಳಿ. ಕ್ಲೋರೋಫಿಲ್ ಇರೋದೇ ಬೆಳಕು ಹೀರೋಕೆ. ಜೀವಂತ ಎಲೇಲಿ ಹಾಳಾದಷ್ಟೂ ಹೊಸದು ತಯಾರಾಗ್ತಾ ಇರುತ್ತೆ, ಸೋಪಲ್ಲಿ ತಯಾರು ಮಾಡೋರು ಯಾರೂ ಇಲ್ಲ, ಹಾಗಾಗಿ ಬೆಳಕು ಬಿದ್ದಷ್ಟೂ ಆಮ್ಲಜನಕದ ಜೊತೆ ಸೇರಿ ಅದರ ಉಂಗುರವೇ ಒಡೆದು ಬಣ್ಣ ಇಲ್ಲದ ಚೂರುಗಳಾಗುತ್ತೆ. ಹಸಿರು ಹೋದ ಮೇಲೆ ಅದರ ಕೆಳಗೆ ಮೊದಲಿಂದ ಇದ್ದ ಹಳದಿ, ಕಂದು ಕಾಣುತ್ತೆ ಅಷ್ಟೇ. ಸ್ಪಿರುಲಿನಾದಲ್ಲಿ ಫೈಕೊಸಯಾನಿನ್ ಅಂತ ನೀಲಿ ಬಣ್ಣ ಬೇರೆ ಇರುತ್ತೆ, ಅದು ಪ್ರೋಟೀನ್, ಬಿಸಿಗೂ ಕ್ಷಾರಕ್ಕೂ ನಿಲ್ಲಲ್ಲ, ಅದು ಮಾತ್ರ ನಿಜವಾಗ್ಲೂ ಲೈ (ಕಾಸ್ಟಿಕ್ ಸೋಡಾ ಕರಗಿಸಿದ) ನೀರಲ್ಲೇ ಹೋಗುತ್ತೆ.

ದೊಡ್ಡಪತ್ರೆ ಕಥೆ ಬೇರೆ. ಒಗರು ಇರೋ, ಘಾಟು ಇರೋ ಎಲೆಗಳಲ್ಲಿ ಪಾಲಿಫೀನಾಲ್‌ಗಳು ಜಾಸ್ತಿ, ಕ್ಷಾರದಲ್ಲಿ ಅವು ಗಾಳಿ ಸೋಕಿದ ತಕ್ಷಣ ಕಂದಾಗ್ತವೆ. ಕ್ಲೋರೋಫಿಲ್ ಇನ್ನೂ ಅಲ್ಲೇ ಇದ್ರೂ ಆ ಕಂದಿನ ಅಡಿ ಮುಚ್ಚಿಹೋಗುತ್ತೆ. ತುಳಸಿ, ಮೆಹಂದಿ ಎಲೆ ಇವಕ್ಕೂ ಇದೇ ಗತಿ. ಇದು ಕತ್ತಲಲ್ಲಿಟ್ರೂ ಸರಿ ಹೋಗಲ್ಲ.

ಒಂದು ದಾರಿ ಇದೆ: ಎಲೇನ ರುಬ್ಬಿ ಹಾಕೋ ಬದಲು ನೆರಳಲ್ಲಿ ಒಣಗಿಸಿ, ಗರಿಗರಿ ಆದ ಮೇಲೆ ಎಣ್ಣೇಲಿ ನೆನೆ ಹಾಕಿ, ಸಣ್ಣ ಬಿಸಿ ನೀರಿನ ಪಾತ್ರೇಲಿ ಎಣ್ಣೆ ಬಾಟಲ್ ಇಟ್ಟು ಒಂದೆರಡು ಗಂಟೆ ಬಿಟ್ಟು ಸೋಸಿ. ಕ್ಲೋರೋಫಿಲ್ ಎಣ್ಣೆಗೆ ಇಳಿಯುತ್ತೆ, ಪಾಲಿಫೀನಾಲ್‌ಗಳಲ್ಲಿ ಬಹಳಷ್ಟು ನೀರಿಗೆ ಸೇರೋವು, ಅವು ಚರಟದಲ್ಲೇ ಉಳಿಯುತ್ತವೆ. ಬಣ್ಣ ತಿಳಿ ಬರುತ್ತೆ ಆದ್ರೆ ಕಂದು ಬರಲ್ಲ. ಬೆಳಕಿನ ತೊಂದರೆ ಮಾತ್ರ ಹಾಗೇ ಇರುತ್ತೆ.

ಗಾಣದ_ಸೋಪು

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಅನುಭವದ್ದು ಸ್ವಲ್ಪ ಸೇರಿಸ್ತೀನಿ. ಎಲೆ ಬಣ್ಣಾನೇ ಬೇಕು ಅಂದ್ರೆ ಜೆಲ್ ಆಗೋಕೆ, ಅಂದ್ರೆ ಮೋಲ್ಡಲ್ಲೇ ಬಿಸಿಯೇರಿ ಲೋಳೆ ಥರ ಆಗೋಕೆ, ಬಿಡಬೇಡಿ. ಮೋಲ್ಡಿಗೆ ಟವೆಲ್ ಸುತ್ತಿ ಬೆಚ್ಚಗೆ ಇಟ್ರೆ ಸೋಪ್ ಒಳಗೆ 70 ಡಿಗ್ರಿ ದಾಟಿ ಬಿಸಿಯಾಗುತ್ತೆ, ಎಲೆ ಹಸಿರಿಗೆ ಅಷ್ಟು ಬಿಸಿ ಒಳ್ಳೇದಲ್ಲ. ಎಣ್ಣೆ, ಲೈ ಎರಡೂ ತಣ್ಣಗಿರೋವಾಗ ಸೇರಿಸಿ, ಮೋಲ್ಡ್‌ನ ಒಂದು ರಾತ್ರಿ ಫ್ರಿಜ್ಜಲ್ಲಿ ಇಡಿ, ಮಕ್ಕಳ ಕೈಗೆ ಸಿಗದ ಹಾಗೆ, ಮೇಲೆ ಮುಚ್ಚಿ. ಮೇಲೆ ಬಿಳಿ ಪುಡಿ ಥರ ಸೋಡಾ ಆ್ಯಶ್ ಬಂದ್ರೆ ಹೆದರಬೇಡಿ, ಅದು ಬಣ್ಣ ಹೋಗಿದ್ದಲ್ಲ, ಬಿಸಿ ನೀರಿನ ಹಬೆ ತೋರಿಸಿದ್ರೆ ಹೋಗುತ್ತೆ.

ಇನ್ನೊಂದು, ಪರಿಮಳಕ್ಕೆ ಏನು ಹಾಕ್ತೀರಾ? ವೆನಿಲ್ಲಾ ಇರೋ ಫ್ರೇಗ್ರೆನ್ಸ್ ಯಾವುದಾದ್ರೂ ಹಾಕಿದ್ರೆ ಎಂಥಾ ಹಸಿರಿದ್ರೂ ಚಾಕಲೇಟ್ ಆಗುತ್ತೆ, ಅದನ್ನ ಚೆಕ್ ಮಾಡಿ. ಎಷ್ಟೋ ಜನ ಎಲೆ ಪುಡಿ ಮೇಲೆ ತಪ್ಪು ಹೊರಿಸ್ತಾರೆ, ತಪ್ಪು ಸೆಂಟಿಂದು.

ಬಾಲ್ಕನಿ_ತೋಟ

ಮೇಷ್ಟ್ರೇ ತುಂಬಾ ಥ್ಯಾಂಕ್ಸ್, ಇಷ್ಟು ದಿನ ಯಾರೂ ಇದನ್ನ ಹೀಗೆ ಬಿಡಿಸಿ ಹೇಳಿರ್ಲಿಲ್ಲ. ಪರಿಮಳಕ್ಕೆ ಮಜ್ಜಿಗೆ ಹುಲ್ಲಿನ ಎಣ್ಣೆ ಮಾತ್ರ ಹಾಕೋದು, ವೆನಿಲ್ಲಾ ಇಲ್ಲ. ಆದ್ರೆ ತಾಂಬೂಲ ತಗೊಂಡು ಹೋದವರು ಸೋಪನ್ನ ಬಾತ್‌ರೂಮ್ ಕಿಟಕಿ ಹತ್ರ ಇಟ್ರೆ ಮತ್ತೆ ಅದೇ ಕಥೆ ಆಗುತ್ತಲ್ವಾ? ಎಲೆ ಬಿಟ್ಟು ಬೇರೆ ಯಾವುದೂ ಇಲ್ವಾ? ಇಂಡಿಗೋ ಪೌಡರ್ ಹಾಕಿದ್ರೆ ಹಸಿರು ಬರುತ್ತೆ ಅಂತ ಒಬ್ರು ಹೇಳಿದ್ರು, ಗ್ರಂದಿಗೆ ಅಂಗಡೀಲಿ ತಲೆಗೆ ಹಚ್ಚೋ ಇಂಡಿಗೋ ಸಿಗುತ್ತೆ, ನೋಡೋಕೂ ಹಸಿರಾಗೇ ಇದೆ, ಅದು ಆಗುತ್ತಾ?

ಬಣ್ಣದ_ಮಗ್ಗ

ನಾನು ಸೋಪ್ ಮಾಡೋಕೆ ಶುರು ಮಾಡಿದ್ದು ಈಚೆಗೆ, ಅದಕ್ಕಿಂತ ಬಹಳ ಮುಂಚಿಂದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕೋ ಕೆಲಸದಲ್ಲಿದೀನಿ, ಆ ಕಡೆಯಿಂದ ಹೇಳ್ತೀನಿ ಅಕ್ಕ.

ಬಟ್ಟೆ ಬಣ್ಣದೋರಿಗೆ ಈ ವಿಷಯ ತುಂಬಾ ಹಳೇದು. ಪ್ರಪಂಚದಲ್ಲಿ ಇಷ್ಟೊಂದು ಗಿಡ ಹಸಿರಾಗಿದ್ರೂ ಬಟ್ಟೆಗೆ ನಿಲ್ಲೋ ಹಸಿರನ್ನ ಎಲೆಯಿಂದ ತೆಗೆಯೋದು ರೂಢೀಲಿ ಇಲ್ಲ. ಮೊದಲು ನೀಲೀಲಿ ಅದ್ದಬೇಕು, ಆಮೇಲೆ ಹಳದೀಲಿ ಅದ್ದಬೇಕು, ಎರಡೂ ಸೇರಿ ಹಸಿರು. ನೀಲಿ ಅಂದ್ರೆ ನೀಲಿ ಗಿಡದ ಇಂಡಿಗೋ, ಹಳದಿಗೆ ಚೆಂಡು ಹೂವು, ದಾಳಿಂಬೆ ಸಿಪ್ಪೆ, ಇಂಥವು. ಸೋಪಲ್ಲೂ ಇದೇ ದಾರಿ ಕೆಲಸ ಮಾಡುತ್ತೆ, ಯಾಕಂದ್ರೆ ಇಂಡಿಗೋ ನೀರಲ್ಲೂ ಕರಗಲ್ಲ, ಎಣ್ಣೇಲೂ ಕರಗಲ್ಲ, ಕ್ಷಾರಕ್ಕೂ ಜಗ್ಗಲ್ಲ, ಬೆಳಕಿಗೂ ಕ್ಲೋರೋಫಿಲ್‌ಗಿಂತ ಎಷ್ಟೋ ಪಾಲು ಗಟ್ಟಿ.

ಆದ್ರೆ ತಲೆಗೆ ಹಚ್ಚೋ ಇಂಡಿಗೋ ಪೌಡರ್ ತಗೋಬೇಡಿ. ಅದು ನೀಲಿ ಗಿಡದ ಎಲೇನ ಒಣಗಿಸಿ ಪುಡಿ ಮಾಡಿರೋದು, ನೋಡೋಕೆ ಹಸಿರಿರೋದು ಅದರಲ್ಲಿರೋ ಎಲೆ ಹಸಿರಿಗೇ, ಅದನ್ನ ಹಾಕಿದ್ರೆ ನಿಮಗೆ ಮತ್ತೆ ಅದೇ ಪಾಡು. ಅದರಲ್ಲೂ ಕೆಲವು ಪ್ಯಾಕೆಟ್ಟಲ್ಲಿ ಪಿಪಿಡಿ ಅನ್ನೋ ಕೆಮಿಕಲ್ ಬೆರೆಸಿರ್ತಾರೆ, ಅದು ಚರ್ಮಕ್ಕೆ ಅಲರ್ಜಿ ತರುತ್ತೆ, ಹತ್ತು ಜನರಿಗೆ ಕೊಡೋ ಸೋಪಿಗೆ ಅದು ಬೇಡವೇ ಬೇಡ. ನಿಮಗೆ ಬೇಕಿರೋದು ಬಟ್ಟೆ ಬಣ್ಣದವರು ಬಳಸೋ ನೀಲಿ ಗಟ್ಟಿ, ಎಲೆ ನೆನೆಸಿ ಆ ನೀರನ್ನ ಚೆನ್ನಾಗಿ ಕಡೆದು, ಅಡೀಲಿ ಕೂತ ನೀಲೀನ ಒಣಗಿಸಿ ಬಿಲ್ಲೆ ಮಾಡಿರ್ತಾರೆ. ತಮಿಳುನಾಡಿನ ತಿಂಡಿವನಂ ಕಡೆ, ಆಂಧ್ರದ ಕಡಪ ಕಡೆ ಈಗ್ಲೂ ಬೆಳೀತಾರೆ, ನೈಸರ್ಗಿಕ ಬಣ್ಣ ಮಾರೋರ ಹತ್ರ ಆನ್‌ಲೈನಲ್ಲೂ ಸಿಗುತ್ತೆ. ಕಡು ನೀಲಿ ಇರ್ಬೇಕು, ಉಗುರಲ್ಲಿ ಉಜ್ಜಿದ್ರೆ ತಾಮ್ರದ ಹೊಳಪು ಕಾಣ್ಬೇಕು.

500 ಗ್ರಾಂ ಎಣ್ಣೆಗೆ ಕಾಲು ಟೀ ಚಮಚಕ್ಕಿಂತ ಕಡಿಮೇಲೇ ಶುರು ಮಾಡಿ, ಸಾಕು. ಸ್ವಲ್ಪ ಎಣ್ಣೆ ಹಾಕಿ ಕಲ್ಲಲ್ಲಿ ನುಣ್ಣಗೆ ಅರೀಬೇಕು, ಗಂಧ ತೇಯ್ದ ಹಾಗೆ, ಇಲ್ದಿದ್ರೆ ಸೋಪಲ್ಲಿ ನೀಲಿ ಚುಕ್ಕೆ ಉಳಿಯುತ್ತೆ.

ಹಳದಿ ವಿಷಯಕ್ಕೆ ಬಂದ್ರೆ, ಇಲ್ಲೇ ಎಲ್ರೂ ಎಡವೋದು. ಅರಿಶಿನ ಹಾಕ್ಬೇಡಿ. ಕ್ಷಾರದಲ್ಲಿ ಮೊದಲು ಕುಂಕುಮದ ಹಾಗೆ ಕೆಂಪಾಗುತ್ತೆ, ಆಮೇಲೆ ಮಣ್ಣು ಹಳದಿಗೆ ತಿರುಗುತ್ತೆ, ಬಿಸಿಲು ಕಂಡ್ರೆ ಹೊರಟೇ ಹೋಗುತ್ತೆ, ಆಗ ನಿಮ್ಮ ಹಸಿರು ಸೋಪ್ ನೀಲಿ ಸೋಪ್ ಆಗುತ್ತೆ. ಯುರೋಪಿನ ಹಳೇ ಟೇಪಸ್ಟ್ರಿಗಳಲ್ಲಿ (ಚಿತ್ರ ನೇಯ್ದ ಗೋಡೆ ಬಟ್ಟೆಗಳು) ಮರಗಿಡ ಎಲ್ಲಾ ನೀಲಿ ಕಾಣೋದೂ ಇದಕ್ಕೇ, ನೇಯ್ದಾಗ ಹಸಿರೇ ಇತ್ತು, ನೂರಾರು ವರ್ಷದಲ್ಲಿ ಹಳದಿ ಹೋಯ್ತು, ಇಂಡಿಗೋ ಉಳೀತು. ಹಸಿರು ಎಷ್ಟು ದಿನ ನಿಲ್ಲುತ್ತೆ ಅನ್ನೋದು ಹಳದಿ ಎಷ್ಟು ದಿನ ನಿಲ್ಲುತ್ತೆ ಅನ್ನೋದರ ಮೇಲೆ ನಿಂತಿದೆ, ನೀಲಿ ಬಗ್ಗೆ ಯೋಚನೆ ಬೇಡ.

ಹಾಗಾಗಿ ನಾನು ಮಾಡೋದು ಹೀಗೆ: ಕೆ ಆರ್ ಮಾರ್ಕೆಟ್ಟಲ್ಲಿ ಹಬ್ಬದ ಮಾರನೇ ದಿನ ಚೆಂಡು ಹೂವು ಕೇಳೋರೇ ಇರಲ್ಲ, ಕೇಸರಿ ಬಣ್ಣದ್ದು ಬಿಟ್ಟು ನಿಂಬೆ ಹಳದಿ ಬಣ್ಣದ್ದು ತಂದು, ಎಸಳು ಬಿಡಿಸಿ, ನೆರಳಲ್ಲಿ ಒಣಗಿಸಿ, ತೌಡಿನ ಎಣ್ಣೇಲಿ ನೆನೆ ಹಾಕ್ತೀನಿ. ಅದರ ಹಳದಿ ಕ್ಯಾರೊಟಿನಾಯ್ಡ್ ಜಾತಿದು (ಕ್ಯಾರೆಟ್ ಬಣ್ಣದ ಬಳಗ), ಎಣ್ಣೆಗೆ ಚೆನ್ನಾಗಿ ಇಳಿಯುತ್ತೆ, ಕ್ಷಾರಕ್ಕೆ ಬಣ್ಣ ಬದಲಾಯಿಸಲ್ಲ. ಅನಾಟೊ ಅನ್ನೋ ಬಣ್ಣದ ಗಿಡದ ಬೀಜನೂ ಆಗುತ್ತೆ, ಆದ್ರೆ ಅದರ ಬಣ್ಣ ಕೇಸರಿ ಕಡೆ ವಾಲುತ್ತೆ, ಜಾಸ್ತಿ ಆದ್ರೆ ಹಸಿರು ಮಣ್ಣಾಗುತ್ತೆ, ಕೈ ಹಿಡಿದು ಹಾಕಿ. ಸೋಪ್ ಎಣ್ಣೆನೇ ಹಳದಿ ಇರೋದ್ರಿಂದ ಮೇಲೆ ನೀಲಿ ಸ್ವಲ್ಪ ಬಿದ್ರೆ ಸಾಕು. ಇದಕ್ಕೆ ಜೆಲ್ ಆದ್ರೂ ಪರವಾಗಿಲ್ಲ, ಇನ್ನೂ ಗಾಢ ಬರುತ್ತೆ.

ಒಂದು ಮಾತು, ಗಿಳಿ ಹಸಿರು ಬರಲ್ಲ. ಹೊಂಗೆ ಎಲೆ ಬಲಿತಾಗ ಇರೋ ಹಸಿರು ಬರುತ್ತೆ, ನನಗಂತೂ ಅದೇ ಚೆಂದ.

ಹೊಸಕೆರೆಹಳ್ಳಿ_ಹುಡುಗ

ಇಷ್ಟೆಲ್ಲಾ ಯಾಕೆ, ಕ್ರೋಮಿಯಂ ಆಕ್ಸೈಡ್ ಗ್ರೀನ್ ಹಾಕಿ, ಹತ್ತು ವರ್ಷ ಆದ್ರೂ ಹೋಗಲ್ಲ. ಅದು ಖನಿಜ ತಾನೇ, ನ್ಯಾಚುರಲ್ಲೇ.

ಕೆಮಿಸ್ಟ್ರಿ_ಮೇಷ್ಟ್ರು

ನಿಲ್ಲೋದು ನಿಜ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇವತ್ತು ಸಿಗೋ ಕ್ರೋಮಿಯಂ ಆಕ್ಸೈಡ್ ಗಣಿಯಿಂದ ತೆಗೆದದ್ದಲ್ಲ, ಫ್ಯಾಕ್ಟರೀಲಿ ತಯಾರಾಗೋದು. ಅದು ತಪ್ಪೇನಲ್ಲ, ಕಾಸ್ಮೆಟಿಕ್ ಗ್ರೇಡ್ ಆದ್ರೆ ಸುರಕ್ಷಿತಾನೂ ಹೌದು, ಪೇಂಟ್ ಅಂಗಡಿದು ಮಾತ್ರ ಮೈಗೆ ತಗೋಬಾರದು, ಅದರಲ್ಲಿ ಬೇರೆ ರೂಪದ ಕ್ರೋಮಿಯಂ ಕಲ್ಮಶ ಎಷ್ಟಿದೆ ಅಂತ ಯಾರೂ ಅಳೆದಿರಲ್ಲ. ಆದ್ರೆ ಇವರ ತಂಗಿ ಅಂಗಡಿ ಕಲರ್ ಬೇಡ ಅಂದಿದಾರೆ, ಅದನ್ನ ಹಾಕಿ ನೈಸರ್ಗಿಕ ಅಂತ ಚೀಟಿ ಅಂಟಿಸೋದು ಸರಿಯಲ್ಲ. ಕೊಡೋ ಕೈ ಸತ್ಯ ಹೇಳ್ಬೇಕು.

ಅಂಗಡೀಲಿ ಹಸಿರು ಸೋಪ್ ಕಂಡ್ರೆ ಲೇಬಲ್ ತಿರುಗಿಸಿ ಓದೋ ಅಭ್ಯಾಸ ಮಾಡ್ಕೊಳ್ಳಿ ಎಲ್ರೂ. ಸಿಐ (ಕಲರ್ ಇಂಡೆಕ್ಸ್, ಬಣ್ಣಗಳ ಪಟ್ಟಿ) ಅಂತ ಬರೆದು ಐದಂಕಿ ಸಂಖ್ಯೆ ಇರುತ್ತೆ. 77288 ಅಂದ್ರೆ ಈ ಕ್ರೋಮಿಯಂ ಆಕ್ಸೈಡ್, 74260 ಅಂದ್ರೆ ಥ್ಯಾಲೊಸಯನೈನ್ ಅನ್ನೋ ಕೃತಕ ಹಸಿರು, 75810 ಅಂದ್ರೆ ತಾಮ್ರದ ಕ್ಲೋರೋಫಿಲಿನ್. ಬೇವಿನೆಣ್ಣೆ ಹಾಕಿದ್ರೆ ಸೋಪ್ ಹಸಿರಾಗುತ್ತೆ ಅನ್ನೋ ನಂಬಿಕೆ ಬಂದಿದ್ದು ಇಂಥ ಬಣ್ಣಗಳಿಂದ, ಬೇವಿನೆಣ್ಣೆ ಕೊಡೋದು ಮಾಸಲು ಹಳದಿ ಕಂದು ಅಷ್ಟೇ.

ಆ ಕೊನೇ ಹೆಸರು ಗಮನಿಸಿ. ಕ್ಲೋರೋಫಿಲ್ ನಡುವಿನ ಮೆಗ್ನೀಶಿಯಂ ತೆಗೆದು ಅಲ್ಲಿ ತಾಮ್ರ ಕೂರಿಸಿರ್ತಾರೆ, ತಾಮ್ರ ಅಷ್ಟು ಸುಲಭವಾಗಿ ಬಿಟ್ಟು ಹೋಗಲ್ಲ, ಹಾಗಾಗಿ ಬಣ್ಣ ಎಷ್ಟೋ ಪಾಲು ಗಟ್ಟಿ. ತಿನ್ನೋ ಪದಾರ್ಥಗಳಲ್ಲೂ ಇ 141 ಅನ್ನೋ ಹೆಸರಲ್ಲಿ ಇದೇ ಬಳಕೇಲಿದೆ. ಮೂಲ ಗಿಡದ್ದು, ಕೈ ಆಡಿಸಿರೋದು ಮನುಷ್ಯ. ನೇರ ಬಿಸಿಲಿಗೆ ಇಟ್ರೆ ಇದೂ ಕಾಲಕ್ರಮೇಣ ತಿಳಿಯಾಗುತ್ತೆ. ಇದನ್ನ ಹಾಕೋದು ಬಿಡೋದು ನಿಮ್ಮ ತಂಗಿ ತೀರ್ಮಾನ.

ಗಾಣದ_ಸೋಪು

ಕ್ಲೇ ಬಗ್ಗೆ ಯಾರೂ ಹೇಳ್ಲಿಲ್ಲ. ಫ್ರೆಂಚ್ ಗ್ರೀನ್ ಕ್ಲೇ ಅಂತ ಬರುತ್ತಲ್ಲ, ಅದರ ಹಸಿರು ಮಣ್ಣಿನ ಒಳಗಿರೋ ಕಬ್ಬಿಣದಿಂದ ಬರೋದು, ಬೆಳಕಿಗೆ ಏನೂ ಆಗಲ್ಲ. ಬೂದಿ ಬೆರೆಸಿದ ಹಸಿರು, ತುಂಬಾ ತಣ್ಣನೆ ಬಣ್ಣ. 500 ಗ್ರಾಂ ಎಣ್ಣೆಗೆ ಒಂದರಿಂದ ಎರಡು ಟೀ ಚಮಚ, ಮೊದಲು ಸ್ವಲ್ಪ ಡಿಸ್ಟಿಲ್ಡ್ ವಾಟರಲ್ಲಿ ಕದಡಿ ಆಮೇಲೆ ಹಾಕಿ, ಒಣ ಕ್ಲೇ ಸೋಪಿನ ನೀರೆಲ್ಲಾ ಹೀರಿ ಬಿರುಕು ಬಿಡುತ್ತೆ. ಗ್ರೀನ್ ಕ್ಲೇ ಅಂತ ಬಣ್ಣ ಬೆರೆಸಿದ ಮಣ್ಣನ್ನೂ ಮಾರ್ತಾರೆ, ಒಂದು ಲೋಟ ನೀರಿಗೆ ಹಾಕಿ ಕದಡಿ ಬಿಡಿ, ಮಣ್ಣು ತಳ ಕೂತ ಮೇಲೆ ಮೇಲಿನ ನೀರು ಹಸಿರಾಗೇ ಇದ್ರೆ ಅದು ಬೇಡ. ಮುಲ್ತಾನಿ ಮಿಟ್ಟಿ ಹಸಿರು ಕೊಡಲ್ಲ ಮತ್ತೆ, ಅದು ಕೆನೆ ಬಣ್ಣ.

ನಾನಾಗಿದ್ರೆ ಕ್ಲೇನ ಬೇಸ್ ಮಾಡ್ಕೊಂಡು ಅದರ ಮೇಲೆ ಮಗ್ಗದವರು ಹೇಳಿದ ಚೆಂಡು ಹೂವಿನ ಎಣ್ಣೆ, ಚೂರು ನೀಲಿ. ಹಳದಿ ಮುಂದೆ ಸ್ವಲ್ಪ ಹೋದ್ರೂ ಕ್ಲೇ ಹಸಿರು ಅಡೀಲಿ ಇರುತ್ತೆ, ಸೋಪ್ ನೀಲಿಗೆ ಜಾರಲ್ಲ.

ಎಣ್ಣೆ ಬದಲಾಯಿಸಿದ್ರೆ ಲೈ ಮತ್ತೆ ಲೆಕ್ಕ ಹಾಕಿ ಮೇಡಂ, ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಬೇಕು, ಹರಳೆಣ್ಣೆಗೆ 0.128 ಸಾಕು, ಕಣ್ಣಳತೇಲಿ ಹಾಕೋ ಹಾಗಿಲ್ಲ. ನೆನೆ ಹಾಕಿ ಸೋಸಿದಾಗ ಎಣ್ಣೆ ಕಡಿಮೆ ಆಗಿರುತ್ತೆ, ಸೋಸಿದ ಮೇಲೇ ತೂಕ ಮಾಡಿ.

ಬಾಲ್ಕನಿ_ತೋಟ

ತಂಗಿಗೆ ಎಲ್ಲಾ ಓದಿ ಹೇಳ್ದೆ. ತಾಮ್ರದ್ದು ಬೇಡ, ಕ್ಲೇ ಮತ್ತೆ ನೀಲಿ, ಚೆಂಡು ಹೂವು ಅಂತ ತೀರ್ಮಾನ ಆಯ್ತು, ಹೊಂಗೆ ಎಲೆ ಹಸಿರು ಅಂದಿದ್ದು ಅವಳಿಗೆ ತುಂಬಾ ಹಿಡಿಸ್ತು. ಇನ್ನು ಮೂರು ಪ್ರಶ್ನೆ ಅಷ್ಟೇ. ಕ್ಯೂರಿಂಗ್ ಎಲ್ಲಿ ಇಡ್ಲಿ? ಫೆಬ್ರವರಿಗೆ ಮುಂಚೆ ಬಣ್ಣ ನಿಲ್ಲುತ್ತಾ ಇಲ್ವಾ ಅಂತ ಗೊತ್ತಾಗೋದು ಹೇಗೆ? ಮತ್ತೆ ನೀಲಿ ಟವೆಲ್ಲಿಗೆ ಹತ್ತುತ್ತಾ, ಬಿಳಿ ಟವೆಲ್ ಇರೋರು ಬೈಕೋಬಾರ್ದು.

ಗಾಣದ_ಸೋಪು

ಮಂಚದ ಕೆಳಗೆ ಅಥವಾ ಬಾಗಿಲು ಸ್ವಲ್ಪ ತೆರೆದಿಟ್ಟ ಕಪಾಟಲ್ಲಿ, ಬಿದಿರಿನ ತಟ್ಟೆ ಮೇಲೆ ಒಂದಕ್ಕೊಂದು ತಾಗದ ಹಾಗೆ, ನಾಲ್ಕರಿಂದ ಆರು ವಾರ. ಗಾಳಿ ಬೇಕು, ಬೆಳಕು ಬೇಡ. ಬೀರೂನಲ್ಲಿ ಪೂರ್ತಿ ಮುಚ್ಚಿಟ್ರೆ ಬೆವರುತ್ತೆ. ಪ್ಯಾಕಿಂಗಿಗೆ ಪಾರದರ್ಶಕ ಕವರ್ ಬೇಡ, ದಪ್ಪ ಹ್ಯಾಂಡ್‌ಮೇಡ್ ಪೇಪರ್ ಸುತ್ತಿ ದಾರ ಕಟ್ಟಿ, ತಾಂಬೂಲಕ್ಕೂ ಲಕ್ಷಣವಾಗಿರುತ್ತೆ. ನವೆಂಬರ್ ಮುಗಿಯೋದ್ರೊಳಗೆ ಸುರಿದುಬಿಡಿ. ಮುಂದೆ ಮಾರಾಟಕ್ಕೆ ಇಳಿಯೋ ಯೋಚನೆ ಬಂದ್ರೆ ಮಾತ್ರ 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ತಗೋಬೇಕು, ಅದು ನೆನಪಿರಲಿ.

ಬಣ್ಣದ_ಮಗ್ಗ

ಟೆಸ್ಟ್ ಸುಲಭ ಅಕ್ಕ, ಬಟ್ಟೆಗೂ ನಾವು ಹೀಗೇ ಮಾಡೋದು. ಚಿಕ್ಕ ಬ್ಯಾಚ್ ಈಗ್ಲೇ ಹಾಕಿ. ಗಟ್ಟಿಯಾದ ಮೇಲೆ ಒಂದು ಸೋಪಿನ ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್‌ನ ಬಟರ್ ಪೇಪರ್ ಮೇಲೆ ಸುತ್ತಿ, ಬರೀ ಫಾಯಿಲ್ ಬೇಡ, ಹಸಿ ಸೋಪಿನ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತೆ. ಇನ್ನರ್ಧ ತೆರೆದೇ ಇರಲಿ. ಬಾಲ್ಕನೀಲಿ ಬಿಸಿಲು ಬೀಳೋ ಕಡೆ ಎರಡು ವಾರ ಇಟ್ಟು ಬಿಚ್ಚಿ ನೋಡಿ, ಎರಡು ಅರ್ಧಕ್ಕೂ ವ್ಯತ್ಯಾಸ ಎಷ್ಟಿದೆ ಅಂತ ಕಣ್ಣಿಗೇ ಗೊತ್ತಾಗುತ್ತೆ. ಬಿಸಿಲಲ್ಲಿ ಎರಡು ವಾರ ತಡೆದದ್ದು ಬಾತ್‌ರೂಮಲ್ಲಿ ಸೋಪ್ ಸವೆದು ಮುಗಿಯೋ ತನಕ ಧಾರಾಳವಾಗಿ ತಡೆಯುತ್ತೆ. ತೆರೆದ ಅರ್ಧ ನೀಲಿ ಕಡೆ ಹೋಗಿದ್ರೆ ಎಣ್ಣೆಗೆ ಹೂವು ಜಾಸ್ತಿ ಹಾಕಿ, ನೀಲಿ ಅಷ್ಟೇ ಇರಲಿ.

ಟವೆಲ್ಲಿಗೆ ಹತ್ತೋದು ಅಳತೆ ಮೇಲೆ. ನೊರೆ ಬಿಳಿ ಬರ್ಬೇಕು. ಆ ಚಿಕ್ಕ ಬ್ಯಾಚಿನ ಸೋಪನ್ನ ಬಿಳಿ ಕರ್ಚೀಫಿಗೆ ಚೆನ್ನಾಗಿ ಉಜ್ಜಿ ತೊಳೆದು ಒಣಗಿಸಿ ನೋಡಿ. ನೊರೇಲಿ ನೀಲಿ ಕಂಡ್ರೂ, ಕರ್ಚೀಫಲ್ಲಿ ಛಾಯೆ ಉಳಿದ್ರೂ, ಮುಂದಿನ ಸಲ ನೀಲಿ ಅರ್ಧಕ್ಕೆ ಇಳಿಸಿ, ಕ್ಲೇ ಅರ್ಧ ಚಮಚ ಏರಿಸಿ.